ಒಂದು ಮೀಟರ್ ಇಪ್ಪತ್ತೆರಡು ಸೆಂಟಿಮೀಟರ್‌ನ ಕ್ಷಮಾಪಣೆ

ಹಿನೋಕುರಾ ಅಣೆಕಟ್ಟಿನ ನೀರಿನ ಮಟ್ಟ ಪ್ರತಿದಿನ ಮೂರು ಕಡೆಗೆ ವರದಿಯಾಗುತ್ತದೆ: ವಿದ್ಯುತ್ ಕಂಪನಿಯ ಮುಖ್ಯ ಕಚೇರಿಗೆ, ಜಿಲ್ಲಾ ಕಚೇರಿಗೆ, ಮತ್ತು ಹಿಸಾನೊ ನಡೆಸುವ ಊಟದಂಗಡಿಗೆ. ಮೊದಲಿನ ಎರಡು ಕಡೆ ಅಂಕಿಯನ್ನು ಬರೆದಿಟ್ಟು ಮರೆಯುತ್ತಾರೆ. ಹಿಸಾನೊ ಅದನ್ನು ತಟ್ಟೆಗೆ ಬಡಿಸುತ್ತಾಳೆ.

ಜಪಾನಿನ ಅಣೆಕಟ್ಟಿರುವ ಊರುಗಳಲ್ಲಿ ಡ್ಯಾಮ್ ಕರ್ರಿ ಹೊಸತೇನಲ್ಲ. ತಟ್ಟೆಯ ನಡುವೆ ಅನ್ನವನ್ನು ಗೋಡೆಯ ಹಾಗೆ ಒತ್ತಿ ನಿಲ್ಲಿಸುವುದು, ಅದರ ಹಿಂದೆ ಕರ್ರಿ ಸುರಿಯುವುದು, ಗೋಡೆಯ ಬುಡಕ್ಕೆ ಒಂದು ಸಾಸೇಜ್ ಸಿಕ್ಕಿಸುವುದು. ಸಾಸೇಜ್ ಎಳೆದರೆ ತೂಬು ತೆರೆದಂತಾಗಿ ಕರ್ರಿ ಮುಂದಿನ ಎಲೆಕೋಸಿನ ಮೇಲೆ ಹರಿಯುತ್ತದೆ. ಮೊಮ್ಮಕ್ಕಳಿರುವವರೂ ಚಪ್ಪಾಳೆ ತಟ್ಟುತ್ತಾರೆ. ಹಿಸಾನೊಳ ಹೆಚ್ಚುಗಾರಿಕೆ ಏನೆಂದರೆ, ಆಕೆ ಕರ್ರಿಯನ್ನು ಜಲಾಶಯದ ಅಂದಂದಿನ ಮಟ್ಟಕ್ಕೆ ಸರಿಯಾಗಿ ಸುರಿಯುತ್ತಾಳೆ. ಮಳೆಗಾಲದಲ್ಲಿ ಬಂದವರಿಗೆ ಅನ್ನದ ನೆತ್ತಿಯವರೆಗೆ ಕರ್ರಿ. ಒಣ ದಿನಗಳಲ್ಲಿ ಬಂದವರಿಗೆ ತಳದಲ್ಲೊಂದು ಕೆಸರುಗುಂಡಿ. "ಇದೇನಮ್ಮ, ಇಷ್ಟೇನಾ?" ಎಂದು ಪಟ್ಟಣದವರು ಕೇಳಿದರೆ, "ನನ್ನನ್ನೇನ್ ಕೇಳ್ತೀರಿ, ಆಕಾಶಾನ ಕೇಳಿ" ಅನ್ನುತ್ತಾಳೆ. ಬಾಗಿಲಲ್ಲಿ ಒಂದು ಹಲಗೆ. ಮೇಲೆ ಸೀಮೆಸುಣ್ಣದಲ್ಲಿ ಇಂದಿನ ಮಟ್ಟ, ಕೆಳಗೆ ಬಣ್ಣದಲ್ಲಿ ಅಳಿಸಲಾಗದಂತೆ: "ಇಲ್ಲಿ ಸುಳ್ಳು ಬಡಿಸುವುದಿಲ್ಲ."

ಈ ಅಂಕಿಯನ್ನು ಬೆಳಿಗ್ಗೆ ದೂರವಾಣಿಯಲ್ಲಿ ಕೊಡುವವನು ಅಣೆಕಟ್ಟಿನ ಕಚೇರಿಯ ಮಿನೊವಾ ತೋಕುಜಿ. ಊರಿಗೆ ಅವನು ಡ್ಯಾಮ್‌ಸಾನ್, ಅಂದರೆ ಡ್ಯಾಮಿನವರು. ಐವತ್ತರ ಅಂಚಿನ ಬ್ರಹ್ಮಚಾರಿ. ಕನ್ನಡಕವನ್ನು ಹಣೆಗೇರಿಸಿಕೊಂಡು ಮೇಜಿನ ಕೆಳಗೆ ಹುಡುಕುವ ಜಾತಿ. ಆದರೆ ದೂರವಾಣಿ ಹಿಡಿದರೆ ಮನುಷ್ಯ ಬೇರೆ. "ಸಮುದ್ರ ಮಟ್ಟದಿಂದ ನಾನೂರ ಹದಿಮೂರು ಮೀಟರ್, ಆರು ಸೆಂಟಿಮೀಟರ್" ಎಂದು ಅವನು ಗಂಟಲು ಸರಿಪಡಿಸಿಕೊಂಡು ಹೇಳುವಾಗ, ಅಷ್ಟೂ ನೀರನ್ನು ರಾತ್ರಿ ತಾನೇ ಹೊತ್ತು ತುಂಬಿಸಿದ ಹಾಗಿರುತ್ತದೆ. ಆ ಕಡೆಯಿಂದ ಹಿಸಾನೊ "ಆಯ್ತು" ಅನ್ನುತ್ತಾಳೆ. ಹನ್ನೊಂದು ವರ್ಷಗಳಿಂದ ಇಬ್ಬರ ನಡುವೆ ನಡೆದಿರುವ ಮಾತು ಇಷ್ಟೇ. ಇದಕ್ಕಿಂತ ಕಡಿಮೆ ಮಾತಾಡಿ ಮದುವೆಯಾದವರಿದ್ದಾರೆ, ನಿಜ. ಅವರು ಬರಿಯ ಅಂಕಿಗಳನ್ನು ಮಾತಾಡಿರಲಿಲ್ಲ, ಅಷ್ಟೇ.

ಮಿನೊವಾನಿಗೆ ಹಿಸಾನೊಳನ್ನು ಮದುವೆಯಾಗಬೇಕೆಂದು ಆಸೆ. ಆಕೆಯ ಗಂಡ ತೀರಿಕೊಂಡು ಬಹಳ ಕಾಲವಾಗಿದೆ. ಮನೆಯಲ್ಲಿ ಅತ್ತೆ ಒತಾಕೆ ಅಜ್ಜಿ ಮಾತ್ರ. ಅಡ್ಡಿಯೇನೂ ಇರಲಿಲ್ಲ, ಕೇಳುವ ಧೈರ್ಯವೊಂದನ್ನು ಬಿಟ್ಟರೆ. ಹಿಸಾನೊಳಿಗೆ ಸುಳ್ಳು ಹೇಳುವವರನ್ನು ಕಂಡರಾಗದು. ಅಕ್ಕಿ ವ್ಯಾಪಾರಿಯೊಬ್ಬ ಹಳೆ ಅಕ್ಕಿಯನ್ನು ಹೊಸತೆಂದು ಒಂದೇ ಒಂದು ಸಲ ಕೊಟ್ಟದ್ದಕ್ಕೆ, ಆ ಮನುಷ್ಯ ಇವತ್ತಿಗೂ ಆಕೆಯ ಅಂಗಡಿಯ ಎದುರು ರಸ್ತೆ ದಾಟಿ ಆಚೆ ಬದಿಯಲ್ಲಿ ನಡೆಯುತ್ತಾನೆ.

ಆ ಆಗಸ್ಟಿನಲ್ಲಿ, ಹಿರಿಯರ ಹಬ್ಬಕ್ಕೆ ಕಚೇರಿಯ ಮುಖ್ಯಸ್ಥ ಹೋರಿ ಹೆಂಡತಿಯ ತವರಿಗೆ ಹೋದ ದಿನ, ಮಿನೊವಾ ಕೊನೆಗೂ ಒಂದು ದೊಡ್ಡ ಕಲ್ಲಂಗಡಿ ಹಣ್ಣು ಕೊಂಡ. ಹಣ್ಣು ಕೊಡುವ ನೆಪದಲ್ಲಿ ಮಾತು ತೆಗೆಯುವುದೆಂದು ಯೋಜನೆ. ಹಣ್ಣು ತಣ್ಣಗಿರಬೇಕಲ್ಲ? ಅಣೆಕಟ್ಟಿನ ಗೋಡೆಯೊಳಗೆ ಮಟ್ಟ ಅಳೆಯುವ ಬಾವಿಯೊಂದಿದೆ. ಜಲಾಶಯದಲ್ಲಿ ಎಷ್ಟು ಎತ್ತರಕ್ಕೆ ನೀರಿದೆಯೋ ಬಾವಿಯಲ್ಲೂ ಅಷ್ಟೇ ಎತ್ತರಕ್ಕೆ, ಆದರೆ ಅಲೆಯಿಲ್ಲದೆ ನಿಂತಿರುತ್ತದೆ. ಅದರ ಮೇಲೊಂದು ಲೋಹದ ಬುರುಡೆ ತೇಲುತ್ತದೆ. ನೀರು ಇಳಿದರೆ ಬುರುಡೆ ಇಳಿಯುತ್ತದೆ, ಬುರುಡೆಗೆ ಕಟ್ಟಿದ ತಂತಿ ಮೇಲಿನ ಗಾಲಿಯನ್ನು ತಿರುಗಿಸುತ್ತದೆ, ಗಾಲಿ ಅಂಕಿ ತೋರಿಸುತ್ತದೆ, ಅದೇ ಅಂಕಿ ಮುಖ್ಯ ಕಚೇರಿಯ ಪರದೆಯ ಮೇಲೂ ಮೂಡುತ್ತದೆ. ಆ ಬಾವಿಯ ನೀರು ಕೈಯಿಟ್ಟರೆ ಮೂಳೆ ಕೊರೆಯುವಷ್ಟು ತಣ್ಣಗೆ. ಮಿನೊವಾ ಹಣ್ಣನ್ನು ಬಲೆಚೀಲದಲ್ಲಿ ಹಾಕಿ, ಹಗ್ಗವನ್ನು ಏಣಿಗೆ ಬಿಗಿದು, ಬಾವಿಗೆ ಇಳಿಬಿಟ್ಟ.

ಆ ಮಧ್ಯಾಹ್ನ ಧೈರ್ಯ ಬರಲಿಲ್ಲ. ಮರುದಿನವೂ ಬರಲಿಲ್ಲ. ಹಣ್ಣು ಅಲ್ಲೇ ಉಳಿಯಿತು. ಜಲಾಶಯದ ನೀರು ಮಾತ್ರ ಯಾರ ಧೈರ್ಯಕ್ಕೂ ಕಾಯದೆ ಇಳಿಯಿತು. ಬಾವಿಯ ನೀರೂ ಇಳಿಯಿತು. ಹಗ್ಗಕ್ಕೆ ಕಟ್ಟಿದ್ದ ಹಣ್ಣು ಇಳಿಯಲಾರದೆ ನೇತಾಡಿತು, ಬುರುಡೆ ಹೋಗಿ ಅದರ ತಲೆಯ ಮೇಲೆ ಆರಾಮಾಗಿ ಕುಳಿತುಕೊಂಡಿತು. ಗಾಲಿ ನಿಂತಿತು. ಅಂಕಿ ನಾನೂರ ಹನ್ನೆರಡು ಮೀಟರ್ ನಲವತ್ತು ಸೆಂಟಿಮೀಟರ್‌ನಲ್ಲಿ ಹೆಪ್ಪುಗಟ್ಟಿತು.

ಗಾಲಿಯ ಅಂಕಿಯನ್ನು ಜಲಾಶಯದ ಬದಿಯ ಗೋಡೆಯ ಮೇಲೆ ಬರೆದ ಅಳತೆಪಟ್ಟಿಯ ಜೊತೆ ದಿನಾ ಹೋಲಿಸಬೇಕೆಂಬುದು ನಿಯಮ. ಮಿನೊವಾ ಹೋಲಿಸುತ್ತಿದ್ದ ಕೂಡ. ಮೊದಲು ಗಾಲಿ ನೋಡಿ, "ನಲವತ್ತು" ಎಂದುಕೊಂಡು, ಆಮೇಲೆ ಕಚೇರಿಯ ಕಿಟಕಿಯಿಂದ ದೂರದ ಪಟ್ಟಿಯತ್ತ ಕಣ್ಣು ಕಿರಿದು ಮಾಡುತ್ತಿದ್ದ. ಅಷ್ಟು ದೂರದಿಂದ, ಅಂಥ ಬಿಸಿಲಲ್ಲಿ, ಹಣೆಯ ಮೇಲೆ ಕನ್ನಡಕವಿಟ್ಟುಕೊಂಡು ನೋಡಿದರೆ ನಲವತ್ತು ಏನು, ಬೇಕಾದ್ದು ಕಾಣುತ್ತದೆ.

ಹೀಗಾಗಿ, ಸುತ್ತಲಿನ ಕಣಿವೆಗಳ ಜಲಾಶಯಗಳೆಲ್ಲ ತಳ ಕಾಣುತ್ತಿದ್ದಾಗ ಹಿನೋಕುರಾ ಮಾತ್ರ ನಾಲ್ಕು ದಿನ ಒಂದು ಕೂದಲೆಳೆಯಷ್ಟೂ ಇಳಿಯಲಿಲ್ಲ. ಅಣೆಕಟ್ಟು ಗುಡ್ಡದ ಮೇಲೆ, ಊರು ಕೆಳಗೆ, ಹೋಗಿ ನೋಡಿದವರಿಲ್ಲ. ಹಬ್ಬದ ದಿನ ಡೋಲು ಬಾರಿಸಿದ್ದ ಡೋಬಾಶಿಗೆ ಕಾರಣ ತಕ್ಷಣ ಹೊಳೆಯಿತು. ಡೋಬಾಶಿ ಹೊಟ್ಟೆಪಾಡಿಗೆ ಕ್ಷೌರಿಕ, ಉಳಿದ ಹೊತ್ತಿನಲ್ಲಿ ಬಡಾವಣೆ ಸಂಘದ ಅಧ್ಯಕ್ಷ, ಬೆಂಕಿ ಬಿದ್ದರೆ ಊರಿನ ಅಗ್ನಿಶಾಮಕ ದಳ.

"ನಾನು ಬಾರಿಸಿದ ಏಟಿಗೆ ನೀರು ಅಲ್ಲಾಡದೆ ನಿಂತಿದೆ ನೋಡ್ರೀ!" ಎಂದು ಅವನು ಕತ್ತರಿ ಹಿಡಿದ ಕೈಯಲ್ಲೇ ಗಿರಾಕಿಗಳ ಕಿವಿಯ ಪಕ್ಕ ಡೋಲು ಬಾರಿಸಿ ತೋರಿಸುತ್ತಿದ್ದ. ಪಕ್ಕದ ಕಣಿವೆಯವರು ಬಸ್ಸು ಮಾಡಿಕೊಂಡು ಬಂದು ತುಂಬಿದ ಕರ್ರಿ ತಿಂದು, ಹೊಟ್ಟೆಕಿಚ್ಚಿನಿಂದ ವಾಪಸ್ಸು ಹೋದರು. ಹಿಸಾನೊ ಬೆಳಗಿನ ಜಾವಕ್ಕೆ ಎದ್ದು ಎರಡು ಪಾತ್ರೆ ಹೆಚ್ಚು ಬೇಯಿಸತೊಡಗಿದಳು. ದೂರವಾಣಿಯಲ್ಲಿ "ಆಯ್ತು" ಬದಲು ಒಂದು ದಿನ "ಅಬ್ಬಾ, ಇವತ್ತೂ ಅಷ್ಟೇನಾ!" ಅಂದಳು. ಮಿನೊವಾ ಅದನ್ನು ತನಗೇ ಸಂದ ಮೆಚ್ಚುಗೆಯೆಂದು ಸ್ವೀಕರಿಸಿ, ಇಡೀ ದಿನ ಶಿಳ್ಳೆ ಹಾಕಿದ.

ಐದನೆಯ ದಿನ ಬೆಳಿಗ್ಗೆ ಹೋರಿಯ ಕರೆ ಬಂತು.

"ಮಿನೊವಾ, ಟರ್ಬೈನ್ ಓಡ್ತಾ ಇದೆಯಾ?"

"ಓಡ್ತಾ ಇದೆ ಸಾರ್."

"ಅಂದ್ರೆ ನೀರು ಹೊರಗೆ ಹೋಗ್ತಾ ಇದೆ."

"ಜೋರಾಗಿ ಹೋಗ್ತಾ ಇದೆ ಸಾರ್."

"ಮಳೆ?"

"ಒಂದ್ ಹನೀನೂ ಇಲ್ಲ."

"ಹಾಗಾದ್ರೆ ಮಟ್ಟ ಯಾಕಪ್ಪ ಇಳೀತಾ ಇಲ್ಲ?"

ಮಿನೊವಾ ಪ್ರಾಮಾಣಿಕವಾಗಿ ಯೋಚಿಸಿದ. "ಡೋಬಾಶಿಸಾನ್ ಡೋಲು ಬಾರಿಸಿದ್ದಕ್ಕೆ ಅಂತಾರೆ ಸಾರ್."

ಆ ಕಡೆ, ಹೋರಿಯ ಹಿಂದೆ ಯಾರೋ ನೆಂಟರು ನೂಡಲ್ಸ್ ಎಳೆದುಕೊಳ್ಳುವ ಸದ್ದು. ಆಮೇಲೆ ಹೋರಿ ಬಹಳ ಮೆತ್ತಗೆ, "ಬಾವಿ ನೋಡು" ಅಂದ.

ಬಾವಿಯ ಮುಚ್ಚಳ ತೆಗೆದು ದೀಪ ಬಿಟ್ಟಾಗ ಮಿನೊವಾನಿಗೆ ಕಂಡದ್ದು, ನೀರಿಗಿಂತ ಎಷ್ಟೋ ಮೇಲೆ, ಗಾಳಿಯಲ್ಲಿ ನೇತಾಡುತ್ತಿದ್ದ ಒಂದು ಕಲ್ಲಂಗಡಿ. ಅದರ ಮೇಲೆ ಟೋಪಿಯಂತೆ ಕೂತಿದ್ದ ಸರ್ಕಾರಿ ಅನುಮೋದಿತ ಬುರುಡೆ. ಅವನು ಹೆಚ್ಚು ಯೋಚಿಸಲಿಲ್ಲ. ಹೆಚ್ಚು ಯೋಚಿಸಿದ್ದರೆ ಬುರುಡೆಯನ್ನು ಮೆಲ್ಲಗೆ ಇಳಿಸುತ್ತಿದ್ದ. ಹಗ್ಗ ಜಗ್ಗಿ ಹಣ್ಣನ್ನು ಪಕ್ಕಕ್ಕೆ ಎಳೆದ. ಬುರುಡೆ ಗರಗರನೆ ಬಿದ್ದು ನೀರಿಗೆ ತಟ್ಟಿತು.

ಮುಖ್ಯ ಕಚೇರಿಯ ಪರದೆಯ ಮೇಲೆ ಹಿನೋಕುರಾ ಜಲಾಶಯ ಒಂದೇ ಉಸಿರಿಗೆ ಒಂದು ಮೀಟರ್ ಇಪ್ಪತ್ತೆರಡು ಸೆಂಟಿಮೀಟರ್ ಕುಸಿಯಿತು. ಗೋಡೆ ನಿಂತಿರುವ ಯಾವ ಜಲಾಶಯವೂ ಹಾಗೆ ಕುಸಿಯುವುದಿಲ್ಲ. ಅಲ್ಲಿ ಗಂಟೆಗಳು ಹೊಡೆದುಕೊಂಡವು, ಕೆಂಪು ದೀಪಗಳು ಹತ್ತಿದವು, ಯಾರೋ ಹೋರಿಗೆ ಕರೆ ಮಾಡಿದರು, ಇಲ್ಲಿ ಮಿನೊವಾನ ಜೇಬಿನಲ್ಲಿ ಮೊಬೈಲ್ ಕುಣಿಯಿತು.

"ಮಿನೊವಾ! ಅಣೆಕಟ್ಟು ಇದೆಯಾ?" ಹೋರಿ ಕಿರುಚಿದ.

"ಇದೆ ಸಾರ್."

"ಸರಿಯಾಗಿ ನೋಡಿ ಹೇಳು!"

"ಅದರ ಮೇಲೇ ನಿಂತಿದ್ದೀನಿ ಸಾರ್."

ಹೋರಿ ಉಸಿರು ಬಿಟ್ಟ ರಭಸಕ್ಕೆ ಮಿನೊವಾನ ಕಿವಿ ಬೆಚ್ಚಗಾಯಿತು. ವಿಷಯವೆಲ್ಲ ತಿಳಿದ ಮೇಲೆ, "ಬಾವೀಲಿ ಸಿಕ್ಕಿಕೊಂಡಿದ್ದು ಏನು?" ಎಂದು ಕೇಳಿದ.

"ಒಂದು... ದುಂಡಗಿನ ವಸ್ತು ಸಾರ್. ವಿಲೇವಾರಿ ಮಾಡ್ತೀನಿ."

"ಮುಖ್ಯ ಕಚೇರಿಗೆ ನಾನು ತಲೆ ಬಗ್ಗಿಸ್ತೀನಿ. ಜಿಲ್ಲೆಗೂ ನಾನೇ. ಆ ಸುಳ್ಳು ಅಂಕಿ ಇನ್ಯಾರಿಗೆ ಕೊಟ್ಟಿದ್ದೀಯ?"

"ಹಿಸಾನೊಸಾನ್‌ಗೆ."

"ಅದ್ಯಾವ ಇಲಾಖೆ?"

"ಕರ್ರಿ ಸಾರ್."

ಮತ್ತೆ ನೂಡಲ್ಸ್ ಸದ್ದು. "ಹಾಗಾದ್ರೆ ಕರ್ರಿ ಇಲಾಖೆಗೆ ನೀನೇ ಹೋಗು. ಇವತ್ತೇ ಹೋಗು. ಕಪ್ಪು ಸೂಟು, ಸಿಹಿ ಪೆಟ್ಟಿಗೆ, ಹಣೆ ಚಾಪೆಗೆ ತಾಗ್ಬೇಕು. ಕಂಪನಿ ಮರ್ಯಾದೆ ಪ್ರಶ್ನೆ."

ಮಿನೊವಾ ಮೊದಲು ವಿಲೇವಾರಿಗೆ ಕೂತ. ಹಣ್ಣನ್ನು ಗುಡ್ಡದಿಂದ ಉರುಳಿಸಿದರೆ ಊರೊಳಗೇ ಹೋಗಿ ನಿಲ್ಲುತ್ತದೆ. ಜಲಾಶಯಕ್ಕೆ ಎಸೆದರೆ ತೇಲುತ್ತದೆ. ಸಾಕ್ಷಿ ಉಳಿಯಬಾರದು. ಅವನು ಕಚೇರಿಯ ಬಾಗಿಲು ಹಾಕಿಕೊಂಡು, ಆರು ಜನರಿಗಾಗುವ ಕಲ್ಲಂಗಡಿಯನ್ನು, ಬಿಳಿಯ ಭಾಗದವರೆಗೆ, ಕಣ್ಣಲ್ಲಿ ನೀರು ತುಂಬಿಕೊಂಡು ತಿಂದು ಮುಗಿಸಿದ. ಆಮೇಲೆ ಕಪ್ಪು ಸೂಟು ತೊಟ್ಟ. ಗುಂಡಿ ಹಾಕಲು ಆಗಲಿಲ್ಲ. ಉಸಿರು ಒಳಗೆಳೆದು, ಗುಂಡಿ ಹಾಕಿ, ಆ ಉಸಿರನ್ನು ಮತ್ತೆ ಬಿಡದೆ, ಊರಿಗೆ ಇಳಿದ.

ಸಿಹಿ ಅಂಗಡಿಯ ಯಾಸುಯೊ ಕಾಗದ ಮತ್ತು ದಾರದ ಪಂಡಿತೆ. ಸಾವಿಗೆ ಕಪ್ಪು-ಬಿಳಿ ದಾರ. ಮಗು ಹುಟ್ಟಿದ್ದಕ್ಕೆ ಕೆಂಪು-ಬಿಳಿ, ಆದರೆ ಎಳೆದರೆ ಬಿಚ್ಚುವ ಕುಣಿಕೆ, ಏಕೆಂದರೆ ಇನ್ನೊಮ್ಮೆ ಆದರೂ ಸಂತೋಷವೇ. ಮದುವೆಗೆ ಕೆಂಪು-ಬಿಳಿಯೇ, ಆದರೆ ಏನು ಮಾಡಿದರೂ ಬಿಚ್ಚದ ಬಿಗಿ ಗಂಟು. ತಪ್ಪೊಪ್ಪಿಗೆಗೆ ದಾರವೇ ಇಲ್ಲ, ಬೋಳು ಕಾಗದ. ಆಕೆ ಕಟ್ಟಿದ ಪೊಟ್ಟಣವನ್ನು ದೂರದಿಂದ ನೋಡಿದರೆ ಸಾಕು, ಆ ಮನೆಯಲ್ಲಿ ಏನು ನಡೆಯಲಿದೆಯೆಂದು ಊರಿಗೆ ಗೊತ್ತಾಗುತ್ತದೆ.

"ಯೋಕನ್ ಬೇಕು" ಅಂದ ಮಿನೊವಾ. ಯೋಕನ್ ಅಂದರೆ ಕೆಂಪು ಕಾಳಿನ ಸಿಹಿ, ಇಟ್ಟಿಗೆಯಷ್ಟು ಗಟ್ಟಿ, ಇಟ್ಟಿಗೆಯಷ್ಟೇ ಭಾರ. "ಇರೋದ್ರಲ್ಲೆಲ್ಲ ಭಾರದ ಪೆಟ್ಟಿಗೆ ಕೊಡಿ."

"ಯಾರಿಗೆ ಡ್ಯಾಮ್‌ಸಾನ್?"

"ಹಿಸಾನೊಸಾನ್‌ಗೆ."

ಯಾಸುಯೊ ಕಪ್ಪು ಸೂಟು ನೋಡಿದಳು. ಬೆವರು ನೋಡಿದಳು. ಒಳಗಿಟ್ಟುಕೊಂಡ ಉಸಿರಿನಿಂದ ಕೆಂಪೇರಿದ್ದ ಮುಖ ನೋಡಿದಳು. "ಮಾತಾಡೋಕ್ ಹೋಗ್ತಾ ಇದ್ದೀರಾ?" ಎಂದು ದನಿ ತಗ್ಗಿಸಿ ಕೇಳಿದಳು.

"ಹೂಂ. ಇವತ್ತು ಹೇಳ್ದಿದ್ರೆ ಇನ್ಯಾವತ್ತೂ ಅವರಿಗೆ ಮುಖ ತೋರ್ಸೋಕಾಗಲ್ಲ."

"ಅಯ್ಯೋ ನನ್ನಪ್ಪಾ! ಕೊನೆಗೂ!"

"ನಿಮಗೆ ಗೊತ್ತಾ?"

"ಊರಲ್ಲಿ ಯಾರಿಗ್ ಗೊತ್ತಿಲ್ಲ?"

ಮಿನೊವಾನ ಹೊಟ್ಟೆಯಲ್ಲಿ ಕಲ್ಲಂಗಡಿ ಒಂದು ಸುತ್ತು ಹೊರಳಿತು. "ನಿಮ್ಮಲ್ಲಿ ಶೌಚಾಲಯ ಎಲ್ಲಿದೆ?" ಎಂದು ಕೇಳಿ ಒಳಗೆ ಓಡಿದ. ಅವನು ಹೊರಬರುವಷ್ಟರಲ್ಲಿ ಯಾಸುಯೊ ತನ್ನ ಜೀವಮಾನದ ಅತ್ಯಂತ ಬಿಗಿಯಾದ ಗಂಟನ್ನು ಕಟ್ಟಿ, ಪೊಟ್ಟಣವನ್ನು ರೇಷ್ಮೆ ವಸ್ತ್ರದಲ್ಲಿ ಸುತ್ತಿ, ಎರಡು ಕರೆಗಳನ್ನೂ ಮಾಡಿ ಮುಗಿಸಿದ್ದಳು. ಒಂದು ಡೋಬಾಶಿಗೆ, ಒಂದು ಒತಾಕೆ ಅಜ್ಜಿಗೆ.

ಬೀದಿಯಲ್ಲಿ ಜನ ಬಾಗಿಲಿಗೆ ಬಂದು ತಲೆಬಾಗಿ ನಗುತ್ತಿದ್ದರು. ಡೋಬಾಶಿ ಅರ್ಧ ಕ್ಷೌರವಾದ ಗಿರಾಕಿಯನ್ನು ಕುರ್ಚಿಯಲ್ಲೇ ಬಿಟ್ಟು ಓಡಿಬಂದು, ಮಿನೊವಾನನ್ನು ನಡುಬೀದಿಯಲ್ಲಿ ನಿಲ್ಲಿಸಿ, ಅವನ ತಲೆ ಬಾಚಿದ.

"ಇಂಥದಕ್ಕೆ ಮಧ್ಯಸ್ಥ ಇಲ್ದೆ ಒಬ್ನೇ ಹೋಗೋದೇನ್ರೀ? ನಾನ್ ಬರ್ತೀನಿ ನಡೀರಿ."

"ನಿಮಗ್ಯಾಕೆ ತೊಂದ್ರೆ..." ಮಿನೊವಾನ ಕಣ್ಣು ಒದ್ದೆಯಾಯಿತು. "ಊರಿನವರಿಗೆ ಕೋಪ ಇಲ್ವಾ ಡೋಬಾಶಿಸಾನ್?"

"ಕೋಪ ಯಾಕೆ? ಹೇಳೋಕೆ ಇಷ್ಟು ತಡ ಮಾಡಿದ್ರಲ್ಲ ಅಂತ ಬೇಕಾದ್ರೆ."

"ನನಗೂ ಇವತ್ತು ಬೆಳಿಗ್ಗೇನೇ ಗೊತ್ತಾಗಿದ್ದು."

"ಹಾಗೇ ಆಗೋದು" ಎಂದ ಡೋಬಾಶಿ, ಅನುಭವಸ್ಥನಂತೆ. "ನನಗೂ ಒಂದಿನ ಬೆಳಿಗ್ಗೆ ಇದ್ದಕ್ಕಿದ್ದ ಹಾಗೆ ಗೊತ್ತಾಯ್ತು, ಮಧ್ಯಾಹ್ನ ಹೋಗಿ ಕೇಳ್ದೆ."

ನೀರಿನ ಮಟ್ಟ ತಪ್ಪಾಗಿ ಓದಿದವನಿಗೆ ಇಷ್ಟೊಂದು ಪ್ರೀತಿ ತೋರಿಸುವ ಊರು ಜಪಾನಿನಲ್ಲಿ ಇನ್ನೊಂದಿರಲಾರದೆಂದು ಮಿನೊವಾನಿಗೆ ಅನಿಸಿತು.

ಊಟದಂಗಡಿಯ ಹಿಂದಿನ ಕೋಣೆಯಲ್ಲಿ ಒತಾಕೆ ಅಜ್ಜಿ ಕೂರಲು ಹೊಸ ದಿಂಬು ಹಾಕಿಸಿ ಕಾದಿದ್ದಳು. ಮುಂದಿನ ಕೋಣೆಯಲ್ಲಿ ಉಣ್ಣುತ್ತಿದ್ದವರು ಚಮಚೆಗಳನ್ನು ಸದ್ದಾಗದಂತೆ ಕೆಳಗಿಟ್ಟು ಈ ಕಡೆಗೆ ಕಿವಿಯಿಟ್ಟರು. ಹಿಸಾನೊ ಕಾಣಲಿಲ್ಲ. ಮಹಡಿಯ ಮೇಲೆ ಯಾರೋ ಅವಸರವಾಗಿ ಓಡಾಡುವ ಸದ್ದು, ಪೆಟ್ಟಿಗೆಗಳ ಸದ್ದು.

ಅಜ್ಜಿ ರೇಷ್ಮೆ ವಸ್ತ್ರ ಬಿಡಿಸಿದಳು. ಗಂಟನ್ನು ಬೆರಳಲ್ಲಿ ಜಗ್ಗಿ ನೋಡಿ, ತೃಪ್ತಿಯಿಂದ ತಲೆಯಾಡಿಸಿದಳು. ಮಿನೊವಾ ಆಗಲೇ ತಲೆ ಬಗ್ಗಿಸಿದ್ದರಿಂದ ಇದೊಂದೂ ಅವನಿಗೆ ಕಾಣಲಿಲ್ಲ.

"ಹಲ್ಲೆಲ್ಲ ನಿಂದೇನಾ?" ಎಂದಳು ಅಜ್ಜಿ.

"ಎರಡು ಬಿಟ್ಟು, ಅಜ್ಜಿ."

"ಗೊರಕೆ ಹೊಡೀತೀಯಾ?"

"ಯಾರೂ ಹೇಳಿಲ್ಲ."

"ಹೇಳೋರು ಇರ್ಲಿಲ್ಲ ಅನ್ನು. ಕುಡಿತ?"

"ಹಬ್ಬದಲ್ಲಿ ಮಾತ್ರ."

ಕ್ಷಮೆ ಕೇಳುವ ಪದ್ಧತಿ ಇತ್ತೀಚೆಗೆ ಬಹಳ ಬಿಗಿಯಾಗಿದೆ ಎಂದುಕೊಳ್ಳುತ್ತ ಮಿನೊವಾ ಒಂದು ಮಂಡಿಯಿಂದ ಇನ್ನೊಂದು ಮಂಡಿಗೆ ಭಾರ ಬದಲಿಸಿದ. ಕಲ್ಲಂಗಡಿ ಕೆಳಗಿನ ತೂಬಿನ ಕಡೆಗೆ ಹೊರಟಿತ್ತು.

"ನೋಡು ಹೇಗ್ ಒದ್ದಾಡ್ತಾನೆ, ಪಾಪ" ಎಂದು ಅಜ್ಜಿ ಡೋಬಾಶಿಯ ಕಿವಿಯಲ್ಲಿ ಅಂದಳು. "ನಮ್ಮವರೂ ಹೀಗೇ ಒದ್ದಾಡಿದ್ರು."

ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಯಿತು. ಹಿಸಾನೊ ಬಂದು ಎದುರು ಕೂತಳು. ಮಾಸಲು ನೇರಳೆಯ ರೇಷ್ಮೆ ಕಿಮೊನೊ; ಬಹಳ ವರ್ಷ ಮಡಿಚಿಟ್ಟಿದ್ದ ಗೆರೆಗಳು ಇನ್ನೂ ಹೋಗಿರಲಿಲ್ಲ. ಮುಂದಿನ ಕೋಣೆಯಲ್ಲಿ ಯಾರೋ "ಆಹಾ" ಅಂದರು. ಮಿನೊವಾನ ಹಣೆ ಚಾಪೆಯ ಮೇಲಿತ್ತು.

"ಹಿಸಾನೊಸಾನ್" ಎಂದು ಅವನು ಚಾಪೆಗೆ ಹೇಳಿದ. "ನಾಲ್ಕು ದಿನದಿಂದ ನಿಮಗೆ ನಿಜ ಹೇಳ್ಲಿಲ್ಲ."

"ಹನ್ನೊಂದು ವರ್ಷದಿಂದ ಅನ್ನಿ" ಎಂದು ಡೋಬಾಶಿ ತಿದ್ದಿದ.

"ಇಲ್ಲ, ನಾಲ್ಕೇ ದಿನ. ಅದಕ್ಕೆ ಮೊದಲು ಸರಿಯಾಗೇ ಇತ್ತು."

ಹಿಸಾನೊ ಮೆಲ್ಲಗೆ, "ಪರವಾಗಿಲ್ಲ, ಹೇಳಿ" ಅಂದಳು. ಅಂಥ ದನಿಯಲ್ಲಿ ಆಕೆ ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ.

"ಒಂದು ಮೀಟರ್ ಇಪ್ಪತ್ತೆರಡು ಸೆಂಟಿಮೀಟರ್."

"ಏನದು? ಮನೆ ಅಗಲಾನಾ?" ಎಂದಳು ಅಜ್ಜಿ.

"ನೀರು. ನೀರು ಅಷ್ಟು ಇಳಿದಿದೆ. ನಾನು ಇಳಿದಿಲ್ಲ ಅಂತ ಹೇಳ್ದೆ. ಬಾವೀಲಿ ಕಲ್ಲಂಗಡಿ ಸಿಕ್ಕಿಕೊಂಡು ಅಂಕಿ ನಿಂತ್ಹೋಗಿತ್ತು. ಕಂಪನಿ ಪರವಾಗಿ ಕ್ಷಮೆ ಕೇಳೋಕೆ ಬಂದೆ."

ಫ್ಯಾನು ಎಡದಿಂದ ಬಲಕ್ಕೆ ಒಮ್ಮೆ ತಿರುಗಿ ಬಂತು. ಡೋಬಾಶಿಯ ಮುಖದಲ್ಲಿ, ತನ್ನ ಡೋಲು ಇಷ್ಟು ದಿನ ಒಂದು ಕಲ್ಲಂಗಡಿಗೆ ಸಮನಾಗಿತ್ತು ಎಂಬ ತಿಳಿವಳಿಕೆ ನಿಧಾನವಾಗಿ ಇಳಿಯಿತು. ಹಿಸಾನೊ ಎದ್ದಳು. ಮುಂಬಾಗಿಲಿಗೆ ಹೋಗಿ, ಹಲಗೆಯ ಮೇಲಿನ ಅಂಕಿಯನ್ನು ರೇಷ್ಮೆ ಕಿಮೊನೊದ ತೋಳಿನಿಂದಲೇ ಒರೆಸಿ, ಬಂದು ಮತ್ತೆ ಕೂತಳು.

"ನಾಲ್ಕು ದಿನ ನಾನು ಸುಳ್ಳು ಬಡಿಸಿದ್ದೀನಿ."

"ಹೌದು."

"ಬಸ್ಸಿನಲ್ಲಿ ಬಂದವರಿಗೂ."

"ಹೌದು."

"ಕಲ್ಲಂಗಡಿ ಅಲ್ಯಾಕೆ ಬಂತು?"

"ತಣ್ಣಗಾಗ್ಲಿ ಅಂತ."

"ಯಾರಿಗೆ?"

"ನಿಮಗೆ."

ಹಿಸಾನೊ ತೋಳಿಗೆ ಹತ್ತಿದ್ದ ಸೀಮೆಸುಣ್ಣ ಕೊಡವಿದಳು. "ಎಲ್ಲಿದೆ?"

"ತಿಂದ್ಬಿಟ್ಟೆ. ಸಾಕ್ಷಿ ಉಳೀಬಾರದು ಅಂತ."

"ಪೂರ್ತಿ?"

"ಬೀಜ ಸಮೇತ."

ಅಜ್ಜಿ ಬಾಯಿಗೆ ತೋಳು ಅಡ್ಡ ಹಿಡಿದುಕೊಂಡಳು. ಹಿಸಾನೊ ನಗಲಿಲ್ಲ. ಪೆಟ್ಟಿಗೆಯನ್ನು ಬೆರಳಲ್ಲಿ ಅವನ ಮುಂದೆ ತಳ್ಳಿದಳು. "ಹಾಗಾದ್ರೆ ಇದೇನು?"

ಮಿನೊವಾ ಮೊದಲ ಬಾರಿ ತಲೆಯೆತ್ತಿದ. ಗಂಟು ಕಂಡಿತು. ಆಮೇಲೆ ಕಿಮೊನೊ ಕಂಡಿತು. ಆಮೇಲೆ ಹೊಸ ದಿಂಬು, ಡೋಬಾಶಿ, ಬಾಗಿಲ ಸಂದಿಯಲ್ಲಿ ಒಂದರ ಮೇಲೊಂದು ಇಣುಕುತ್ತಿದ್ದ ತಲೆಗಳು, ಹಲ್ಲಿನ ಪ್ರಶ್ನೆ, ಗೊರಕೆಯ ಪ್ರಶ್ನೆ, ಎಲ್ಲವೂ ಸಾಲಾಗಿ ಬಂದು ಅವನ ತಲೆಯೊಳಗೆ ಕೂತವು.

"ಯಾಸುಯೊ ಅವಸರದಲ್ಲಿ ತಪ್ಪಿ ಕಟ್ಟಿರ್ಬೇಕು" ಎಂದಳು ಒತಾಕೆ ಅಜ್ಜಿ ತಣ್ಣಗೆ, ಕಪಾಟಿನಿಂದ ಕತ್ತರಿ ತೆಗೆಯುತ್ತ. "ಬಿಚ್ಚೋಕಂತೂ ಬರಲ್ಲ. ಕತ್ತರಿಸಿಬಿಡೋಣ. ಮೀಟರ್‌ಗೆ ಬಂದವನಿಗೆ ಗಂಟು ಯಾಕೆ?"

ಕತ್ತರಿ ದಾರದ ಎರಡೂ ಬದಿಗೆ ಬಾಯಿ ತೆರೆದು ನಿಂತಿತು.

"ಕತ್ತರಿಸ್ಬೇಡಿ!"

ಆ ಕೂಗಿಗೆ ಮುಂದಿನ ಕೋಣೆಯಲ್ಲಿ ಯಾರದೋ ಸಾಸೇಜ್ ಕಿತ್ತುಬಂದು ಕರ್ರಿ ಹರಿಯಿತು. ಕಿರುಚಿದ್ದು ತಾನೇ ಎಂದು ಮಿನೊವಾನಿಗೆ ಸ್ವಲ್ಪ ತಡವಾಗಿ ತಿಳಿಯಿತು.

"ಯಾಸುಯೊಸಾನ್ ಕಟ್ಟಿದ್ದು ತಪ್ಪೇ" ಅಂದ. "ನಾನು ತಂದಿದ್ದೂ ತಪ್ಪಾಗೇ. ಆದ್ರೆ... ಗಂಟು ತಪ್ಪಲ್ಲ. ಅದು ಸರಿ. ಅದು ಬಹಳ ವರ್ಷದಿಂದ ಸರಿ." ಇಷ್ಟು ಹೇಳಿ, ಬಿಗಿಹಿಡಿದಿದ್ದ ಉಸಿರನ್ನು ಬಿಟ್ಟ. ಸೂಟಿನ ಗುಂಡಿ ಹಾರಿ ಡೋಬಾಶಿಯ ಎದೆಗೆ ಬಡಿಯಿತು. "ಕ್ಷಮಿಸಿ, ಈಗ ಬಂದೆ" ಎನ್ನುತ್ತ ಮಿನೊವಾ ಹೊಟ್ಟೆ ಹಿಡಿದುಕೊಂಡು ಹಿತ್ತಲಿಗೆ ಓಡಿದ. ಪ್ರಪಂಚದಲ್ಲಿ ಮದುವೆಯ ಪ್ರಸ್ತಾಪಗಳು ಬಗೆಬಗೆಯಾಗಿ ಮುಗಿದಿವೆ. ಹೀಗೆ ಮುಗಿದದ್ದು ಕಡಿಮೆ.

ಅವನು ಸಾಕಷ್ಟು ಹೊತ್ತಿನ ಮೇಲೆ, ಹಗುರಾಗಿ, ಬೆಳ್ಳಗಾಗಿ ಹೊರಬಂದಾಗ ಹಿಸಾನೊ ಚಪ್ಪಲಿ ಮೆಟ್ಟಿಕೊಂಡು ಬೀದಿಯಲ್ಲಿ ನಿಂತಿದ್ದಳು. ಡೋಬಾಶಿಯ ಪುಟ್ಟ ಟ್ರಕ್ಕು ಗುರುಗುಟ್ಟುತ್ತಿತ್ತು. ಒತಾಕೆ ಅಜ್ಜಿ ಆಗಲೇ ಮುಂದಿನ ಸೀಟಿನಲ್ಲಿ ಕೊಡೆ ಹಿಡಿದು ಕೂತಿದ್ದಳು.

"ನಡೀರಿ ಡ್ಯಾಮ್‌ಗೆ" ಎಂದಳು ಹಿಸಾನೊ. "ಒಂದು ಮೀಟರ್ ಇಪ್ಪತ್ತೆರಡು ತಪ್ಪಿದವರು ನೀವು. ಇನ್ಮೇಲೆ ನಿಮ್ಮ ಬಾಯಿಂದ ಬಂದಿದ್ದನ್ನ ಕಣ್ಣಾರೆ ನೋಡ್ದೆ ನಂಬೋಳಲ್ಲ ನಾನು. ಇವತ್ತಿನ ಮಟ್ಟ ನನ್ನೆದುರಿಗೆ ಅಳೆದು ತೋರ್ಸಿ. ಗಂಟಿನ ಮಾತು ಆಮೇಲೆ."

ಟ್ರಕ್ಕಿನ ಹಿಂಭಾಗದಲ್ಲಿ, ಅಗ್ನಿಶಾಮಕ ದಳದ ಪೈಪುಗಳ ಸುರುಳಿಯ ಮೇಲೆ, ಇಬ್ಬರೂ ಎದುರುಬದುರು ಕೂತು ಗುಡ್ಡ ಹತ್ತಿದರು.

ಅಣೆಕಟ್ಟಿನ ಜಲಾಶಯದ ಬದಿಯಲ್ಲಿ ನೀರಿನವರೆಗೆ ಇಳಿಯುವ ಕಬ್ಬಿಣದ ಮೆಟ್ಟಿಲಿದೆ. ಅದರ ಪಕ್ಕದಲ್ಲೇ ಗೋಡೆಯ ಮೇಲೆ ಅಳತೆಪಟ್ಟಿ. ಹಿಸಾನೊ ಕಿಮೊನೊದ ಅಂಚು ಎತ್ತಿ ಹಿಡಿದು ಇಳಿದಳು. ಮಿನೊವಾ ಕನ್ನಡಕವನ್ನು ಹಣೆಯಿಂದ ಮೂಗಿಗಿಳಿಸಿ ಹಿಂದೆ ಇಳಿದ. ಅಜ್ಜಿಯೂ ಡೋಬಾಶಿಯೂ ಮೇಲೆ ಕಟಕಟೆಗೆ ಒರಗಿ ಬಗ್ಗಿ ನೋಡಿದರು. ಬಿಸಿಗಾಳಿ ಬೀಸುತ್ತಿತ್ತು. ನೀರು ಸುಮ್ಮನೆ ನಿಲ್ಲದೆ ಪಟ್ಟಿಯ ಮೇಲೆ ಏರಿ ಇಳಿಯುತ್ತಿತ್ತು.

"ನಾನೂರ ಹನ್ನೊಂದು ಮೀಟರ್, ಹದಿನೆಂಟು ಸೆಂಟಿಮೀಟರ್" ಎಂದ ಮಿನೊವಾ, ಬಹಳ ಹೊತ್ತು ನೋಡಿದ ಮೇಲೆ.

ಹಿಸಾನೊ ಇನ್ನೂ ಬಗ್ಗಿ ನೋಡಿದಳು. "ಹದಿನೇಳು."

"ಅಲೆ ಏರಿದಾಗ ಇಪ್ಪತ್ತು, ಇಳಿದಾಗ ಹದಿನಾರು. ನಡುವಿನದು ಹದಿನೆಂಟು."

"ಹದಿನಾರರಲ್ಲಿ ಎಷ್ಟು ಹೊತ್ತು ನಿಲ್ಲುತ್ತೆ ನೋಡಿ. ಇಪ್ಪತ್ತಕ್ಕೆ ಬರೀ ಮುಟ್ಟಿ ಬರುತ್ತೆ. ಹದಿನೇಳು."

"ಹಾಗೆ ಲೆಕ್ಕ ಹಾಕಲ್ಲ."

"ಕರ್ರಿ ಸುರಿಯೋಳು ನಾನು. ದ್ರವ ಹೇಗೆ ನಿಲ್ಲುತ್ತೆ ಅಂತ ನನಗೆ ಹೇಳ್ಕೊಡ್ತೀರಾ?"

ಮೇಲಿನಿಂದ ಡೋಬಾಶಿ ಕೈಗಳನ್ನು ಬಾಯಿಗೆ ಅಡ್ಡ ಹಿಡಿದು, ಇಡೀ ಕಣಿವೆಗೆ ಕೇಳಿಸುವ ಪಿಸುದನಿಯಲ್ಲಿ, "ಹೂಂ ಅನ್ರೀ ಮಾರಾಯ್ರೆ! ಒಂದು ಸೆಂಟಿಮೀಟರ್‌ನಲ್ಲಿ ಏನಿದೆ? ಹದಿನೇಳು ಅಂದ್ರೆ ಮದುವೆ!" ಅಂದ.

ಮಿನೊವಾ ನೀರನ್ನು ನೋಡಿದ. ಹಿಸಾನೊಳನ್ನು ನೋಡಿದ. ಅಲೆ ಏರಿತು, ಇಳಿಯಿತು. ಹದಿನೇಳು ಎಂಬುದು ಅಂಥ ಕಷ್ಟದ ಮಾತೇನಲ್ಲ. ಅವನ ನಾಲಿಗೆಯ ತುದಿಗೆ ಬಂದು ಕೂತೇಬಿಟ್ಟಿತ್ತು.

"ಹದಿನೆಂಟು" ಅಂದ.

ಡೋಬಾಶಿ ಕಟಕಟೆಗೆ ಹಣೆ ಚಚ್ಚಿಕೊಂಡ.

ಹಿಸಾನೊ ಎದ್ದು ನಿಂತು, ಅವನ ಮುಖವನ್ನು ಅಳತೆಪಟ್ಟಿಯನ್ನು ನೋಡಿದಷ್ಟೇ ಹತ್ತಿರದಿಂದ ನೋಡಿದಳು. "ಸುಳ್ಳು ಹೇಳೋಕೆ ಇದಕ್ಕಿಂತ ಒಳ್ಳೆ ಸಮಯ ನಿಮಗೆ ಇನ್ನೊಂದು ಸಿಗಲ್ಲ."

"ಗೊತ್ತು. ಆದ್ರೂ ಹದಿನೆಂಟು."

"ಹದಿನೇಳು. ನಾಳೆ ಬೆಳಿಗ್ಗೆ ಗಾಳಿ ಇಲ್ದಾಗ ಬಂದು ನೋಡೋಣ, ಯಾರದು ಸರಿ ಅಂತ."

"ನಾಳೆ ನೀರು ಇಳಿದಿರುತ್ತೆ. ಅದು ಬೇರೆ ಮಟ್ಟ."

"ಹಾಗಾದ್ರೆ ನಾಳೇದನ್ನ ನಾಳೆ ಜಗಳ ಆಡೋಣ."

"ನಾಡಿದ್ದು ಮತ್ತೆ ಬೇರೆ ಇರುತ್ತೆ."

"ಇರ್ಲಿ ಬಿಡಿ" ಎಂದಳು ಹಿಸಾನೊ, ಮತ್ತೆ ನೀರಿನತ್ತ ಬಗ್ಗುತ್ತ. "ದಿನಾ ಬರ್ಬೇಕಾಗುತ್ತೆ, ಅಷ್ಟೇ ತಾನೆ? ಸರೀರಿ ಸ್ವಲ್ಪ, ನಿಮ್ಮ ನೆರಳು ಅಡ್ಡ ಬರ್ತಿದೆ. ಹದಿನೇಳು."

"ಹದಿನೆಂಟು."

ಮೇಲೆ ಒತಾಕೆ ಅಜ್ಜಿ ಕೊಡೆ ಮಡಚಿದಳು. "ಡೋಬಾಶಿ, ಗಾಡಿ ತೆಗಿ. ಮನೆಗೆ ಹೋಗೋಣ. ಗಿರಾಕಿಗಳು ಹಾಗೇ ಕೂತಿದಾರೆ."

"ಮತ್ತೆ ಇವರು?"

"ಇವರದು ಇವತ್ತಿಗೆ ಮುಗಿಯಲ್ಲ."

ಡೋಬಾಶಿಗೆ ತಲೆಬುಡ ಹತ್ತಲಿಲ್ಲ. "ಅಲ್ಲ ಅಜ್ಜಿ, ಊರೆಲ್ಲ ಕಾಯ್ತಾ ಇದೆ. ಆಯ್ತು ಅಂತ ಹೇಳ್ಲೋ, ಇಲ್ಲ ಅಂತ ಹೇಳ್ಲೋ? ಹಲಗೆ ಮೇಲೆ ಏನಂತ ಬರೀಲಿ?"

"ಹದಿನೇಳು ಅಂತ ಬರಿ" ಎಂದಳು ಅಜ್ಜಿ, ಟ್ರಕ್ಕಿನ ಸೀಟಿಗೆ ಹತ್ತುತ್ತ. "ಅವನು ಒಪ್ಕೊಳ್ಳೋಕೆ ಒಂದಿಪ್ಪತ್ತು ವರ್ಷ ಹಿಡೀಬಹುದು."